ಕಲ್ಲಚ್ಚಿನ ಹರ್ಮನ್ ಮೋಗ್ಲಿಂಗ್

ಈ ವರ್ಷದ ವಾರ್ಷಿಕ ಸಂಚಿಕೆಗೆ ಮುಖಪುಟವನ್ನು ಯಾರು ಸಿದ್ಧಪಡಿಸಬೇಕೆಂಬ ಪ್ರಶ್ನೆ ಬಂದಾಗ, ಸಂಪಾದಕ ಮಂಡಲಿಯ ಅಧ್ಯಾಪಕರು ಆ ಹೊಣೆಯನ್ನು ಅಂತಿಮ ವರ್ಷದ ನಾಲ್ವರು ವಿದ್ಯಾರ್ಥಿಗಳ ಮೇಲೆ ಹೊರಿಸಿದರು. ಆ ನಾಲ್ವರಲ್ಲಿ ನಾನೂ ಒಬ್ಬನು. ನಿಜಲಿಂಗಪ್ಪ ಬಡಾವಣೆಯ ಒಂದು ಡಿ.ಟಿ.ಪಿ. ಅಂಗಡಿಯಲ್ಲಿ ಮೂರು ಸಂಜೆ ಕುಳಿತು, ಬಣ್ಣ ಬದಲಿಸಿ, ಅಕ್ಷರ ಬದಲಿಸಿ, ಕೊನೆಗೊಂದು ಪುಟವನ್ನು ಒಪ್ಪಮಾಡಿ ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಬಂದೆವು. ಕಾಲೇಜಿನ ಕಂಪ್ಯೂಟರಿನಲ್ಲಿ ಅದನ್ನು ತೆರೆದು ನೋಡಿದರೆ ನಮ್ಮ ಪುಟವೇ ನಮಗೆ ಗುರುತು ಸಿಕ್ಕಲಿಲ್ಲ. ಒತ್ತಕ್ಷರಗಳೆಲ್ಲ ತಮ್ಮ ತಮ್ಮ ಅಕ್ಷರಗಳನ್ನು ಬಿಟ್ಟು ಪಕ್ಕಕ್ಕೆ ಸರಿದು ನಿಂತಿದ್ದವು. ವಿದ್ಯಾರ್ಥಿ ಎಂಬ ಪದದಲ್ಲಿ ಅರ್ಕಾವತ್ತು ಎಲ್ಲಿಗೋ ಹೋಗಿತ್ತು. ತಪ್ಪು ನಮ್ಮದೇ, ಅಕ್ಷರದ ಫಾಂಟನ್ನು ಜೊತೆಗೆ ತಂದಿರಲಿಲ್ಲ. ಅದನ್ನು ನೋಡಿ ನಗುತ್ತಿದ್ದ ನಮ್ಮ ಕನ್ನಡ ಅಧ್ಯಾಪಕರು, ಈ ಒತ್ತಕ್ಷರಗಳ ಕಾಟ ಇಂದಿನದಲ್ಲವೆಂದೂ, ಕನ್ನಡದಲ್ಲಿ ಮೊದಲ ಪತ್ರಿಕೆಯ ಪುಟವನ್ನು ಅಣಿಗೊಳಿಸಿದವರು ಅದರಿಂದ ಹೇಗೆ ಪಾರಾದರೆಂಬುದನ್ನು ಹೋಗಿ ಓದಬೇಕೆಂದೂ ಹೇಳಿ ನನ್ನನ್ನು ಗ್ರಂಥಾಲಯಕ್ಕೆ ಕಳುಹಿಸಿದರು. ಅಲ್ಲಿ ಓದಿ ತಿಳಿದುದನ್ನು ಸಹಪಾಠಿಗಳ ಮುಂದೆ ಇಡುತ್ತಿದ್ದೇನೆ.

ಪ್ರತಿವರ್ಷ ಜುಲೈ ೧ರಂದು ರಾಜ್ಯದ ಎಲ್ಲ ಊರುಗಳಲ್ಲಿ ಪತ್ರಿಕಾ ದಿನಾಚರಣೆ ನಡೆಯುತ್ತದೆ. ಅಂದು ಭಾಷಣಕಾರರೆಲ್ಲರೂ ತಪ್ಪದೆ ಹೇಳುವ ಹೆಸರು ಹರ್ಮನ್ ಮೋಗ್ಲಿಂಗ್. ಹೆಸರನ್ನು ಹೇಳಿ ಮುಂದಕ್ಕೆ ಹೋಗುತ್ತಾರೆಯೇ ಹೊರತು ಆ ಮನುಷ್ಯನು ಯಾರು, ಎಲ್ಲಿಂದ ಬಂದನು, ಏಕೆ ಬಂದನು ಎಂಬುದನ್ನು ಕೇಳುವವರು ಕಡಮೆ.

ಮೋಗ್ಲಿಂಗರು ಹುಟ್ಟಿದುದು ೧೮೧೧ನೆಯ ಇಸವಿ ಮೇ ೨೯ರಂದು, ಜರ್ಮನಿಯ ದಕ್ಷಿಣ ಭಾಗದ ವ್ಯೂರ್ಟೆಂಬರ್ಗ್ ಸೀಮೆಯ ಬ್ರಾಕನ್‌ಹೈಮ್ ಎಂಬ ಸಣ್ಣ ಊರಿನಲ್ಲಿ. ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯದಲ್ಲಿ ಅವರು ದೇವತಾಶಾಸ್ತ್ರವನ್ನು ಓದಿದರು. ಮುಂದೆ ಮಲಯಾಳ ಭಾಷೆಗೆ ನಿಘಂಟನ್ನೂ ವ್ಯಾಕರಣವನ್ನೂ ಬರೆದುಕೊಟ್ಟ ಹರ್ಮನ್ ಗುಂಡರ್ಟರು ಅವರ ಗೆಳೆಯರು. ಒಂದೇ ಹೆಸರಿನ ಈ ಇಬ್ಬರಲ್ಲಿ ಒಬ್ಬರು ಕನ್ನಡದ ಪಾಲಿಗೆ, ಮತ್ತೊಬ್ಬರು ಮಲಯಾಳದ ಪಾಲಿಗೆ ಬಂದರೆಂಬುದು ವಿಚಿತ್ರವಾದ ಯೋಗವೇ ಸರಿ.

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿದ್ದ ಕ್ರೈಸ್ತ ಮಿಷನ್ ೧೮೩೪ರಲ್ಲಿ ತನ್ನ ಮೊದಲ ಮೂವರು ಪಾದ್ರಿಗಳನ್ನು ಮಂಗಳೂರಿಗೆ ಕಳುಹಿಸಿತ್ತು. ಎರಡು ವರ್ಷಗಳ ಮೇಲೆ, ೧೮೩೬ರಲ್ಲಿ, ಮೋಗ್ಲಿಂಗರೂ ಅದೇ ದಾರಿಯಲ್ಲಿ ಬಂದಿಳಿದರು. ಆಗ ಅವರಿಗೆ ಇಪ್ಪತ್ತೈದು ವರ್ಷ. ಬಂದ ಉದ್ದೇಶದಲ್ಲಿ ಮುಚ್ಚುಮರೆಯೇನೂ ಇರಲಿಲ್ಲ. ಈ ನಾಡಿನ ಜನರನ್ನು ತಮ್ಮ ಮತಕ್ಕೆ ತರುವುದಕ್ಕಾಗಿ ಅವರು ಬಂದವರು. ಅದನ್ನು ಬಿಟ್ಟು ಅವರ ಜೀವನವನ್ನು ಹೇಳಹೊರಟರೆ ಅರ್ಧ ಸುಳ್ಳಾದೀತು. ಆದರೆ ಜನರೊಡನೆ ಮಾತನಾಡಬೇಕಾದರೆ ಜನರ ಭಾಷೆ ಬರಬೇಕು. ಭಾಷೆ ಬರಬೇಕಾದರೆ ಆ ಜನರು ಏನನ್ನು ಹಾಡುತ್ತಾರೆ, ಏನನ್ನು ಕೇಳಿ ಕಣ್ಣೀರಿಡುತ್ತಾರೆ, ಯಾವ ಗಾದೆಯನ್ನು ಯಾವ ಹೊತ್ತಿನಲ್ಲಿ ಆಡುತ್ತಾರೆ ಎಂಬುದೆಲ್ಲ ತಿಳಿಯಬೇಕು. ಈ ದಾರಿ ಹಿಡಿದು ಹೋದ ಮೋಗ್ಲಿಂಗರು, ತಾವು ಹೊರಟ ಕಡೆಗಿಂತ ಬಹಳ ದೂರ ಹೋಗಿಬಿಟ್ಟರೆಂದು ನನಗೆ ತೋರುತ್ತದೆ.

ಅವರು ಧಾರವಾಡದ ಸೀಮೆಯಲ್ಲಿಯೂ ಕೆಲಕಾಲ ಇದ್ದು, ಆಮೇಲೆ ಮಂಗಳೂರಿನಲ್ಲಿ ನೆಲೆಸಿ ಶಾಲೆಯನ್ನು ನಡೆಸಿದರು. ಕನ್ನಡದ ಗಾದೆಗಳನ್ನು ಕೂಡಿಹಾಕಿದರು. ದೇವವಿಚಾರಣೆ, ಜಾತಿವಿಚಾರಣೆ ಮುಂತಾದ ಸಣ್ಣ ಹೊತ್ತಗೆಗಳನ್ನು ಕನ್ನಡದಲ್ಲಿ ಬರೆದರು. ಈ ಬರವಣಿಗೆಗಳಲ್ಲಿ ನಮ್ಮ ದೇವರುಗಳನ್ನೂ ಆಚಾರಗಳನ್ನೂ ಅವರು ಕಟುವಾಗಿಯೇ ಪ್ರಶ್ನಿಸಿದ್ದಾರೆ. ಜಾತಿಯ ವಿಷಯವಾಗಿ ಅವರು ಎತ್ತಿದ ಪ್ರಶ್ನೆಗಳಿಗೆ ಮಾತ್ರ ಇಂದಿಗೂ ನಾವು ನೆಟ್ಟಗೆ ಉತ್ತರ ಕೊಟ್ಟಿಲ್ಲ.

ಇನ್ನು ಮುದ್ರಣದ ವಿಷಯ. ಮೋಗ್ಲಿಂಗರಿಗಿಂತ ಮೊದಲೇ ಕನ್ನಡ ಅಚ್ಚಾಗಿತ್ತು. ವಿಲಿಯಂ ಕೇರಿಯವರ ಕನ್ನಡ ವ್ಯಾಕರಣವು ಬಂಗಾಳದ ಶ್ರೀರಾಮಪುರದಲ್ಲಿ ೧೮೧೭ರಲ್ಲಿಯೇ ಹೊರಬಿದ್ದಿತ್ತು. ನಮ್ಮ ನೆರೆಯ ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನವರ ಅಚ್ಚುಕೂಟವೂ ಇತ್ತು. ಅವೆಲ್ಲ ಸೀಸದ ಮೊಳೆಗಳನ್ನು ಜೋಡಿಸಿ ಅಚ್ಚುಹಾಕುವ ಕ್ರಮ. ಇಂಗ್ಲಿಷಿಗೆ ಇಪ್ಪತ್ತಾರು ಅಕ್ಷರ, ಅವಕ್ಕೆ ದೊಡ್ಡ ರೂಪ ಸಣ್ಣ ರೂಪ, ಕೆಲವು ಚಿಹ್ನೆಗಳು. ಇಷ್ಟಾದರೆ ಮೊಳೆಯ ಪೆಟ್ಟಿಗೆ ತುಂಬಿತು. ಕನ್ನಡಕ್ಕೆ ಹಾಗಲ್ಲ. ಒಂದೊಂದು ವ್ಯಂಜನಕ್ಕೂ ತಲೆಕಟ್ಟು, ಇಳಿ, ಗುಡಿಸು, ಕೊಂಬು, ಏತ್ವ, ಓತ್ವ. ಕೆಳಗೆ ಒತ್ತು, ಪಕ್ಕದಲ್ಲಿ ಅರ್ಕಾವತ್ತು. ಮೊಳೆಗಳ ಸಂಖ್ಯೆ ನೂರಾರಕ್ಕೆ ಏರುತ್ತದೆ. ಒತ್ತಕ್ಷರವು ಸಾಲಿನ ಕೆಳಗೆ ಇಳಿಯುವುದರಿಂದ ಸಾಲಿಗೂ ಸಾಲಿಗೂ ನಡುವೆ ಹೆಚ್ಚು ಜಾಗ ಬಿಡಬೇಕು. ಬಿಡದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಗಲುತ್ತದೆ. ನಿಜಲಿಂಗಪ್ಪ ಬಡಾವಣೆಯ ಅಂಗಡಿಯಲ್ಲಿ ನಾವು ಮೂರು ಸಂಜೆ ಒದ್ದಾಡಿದುದೂ ಇದೇ ಕಾರಣಕ್ಕೆ. ನಮಗೆ ಸಿಕ್ಕಿದ ಜಾಗ ಒಂದು ಗೇಣು. ಶೀರ್ಷಿಕೆಯಲ್ಲಿದ್ದ ಒತ್ತುಗಳು ಮೂರು.

ಮಂಗಳೂರಿನ ಬಾಸೆಲ್ ಮಿಷನ್ನಿನವರು ೧೮೪೧ರಲ್ಲಿ ಮುದ್ರಣವನ್ನು ಆರಂಭಿಸಿದಾಗ ಸೀಸದ ಮೊಳೆಯ ಗೋಜಿಗೆ ಹೋಗದೆ ಕಲ್ಲಚ್ಚನ್ನು ಹಿಡಿದರು. ಕಲ್ಲಚ್ಚು ಎಂದೊಡನೆ ನಮ್ಮ ಕಡೆಯವರಿಗೆ ನೆನಪಾಗುವುದು ಶಾಸನ. ತುಂಗಭದ್ರೆಯ ದಡದ ಹರಿಹರದಲ್ಲಿ, ಹೊಯ್ಸಳರ ದಂಡನಾಯಕ ಪೋಲಾಳ್ವನು ೧೨೨೪ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಅಂಗಳದಲ್ಲಿ ನಿಂತಿರುವ ಶಾಸನಗಳನ್ನು ನಮ್ಮಲ್ಲಿ ಬಹುಮಂದಿ ನೋಡಿದ್ದೇವೆ. ಅಲ್ಲಿ ಉಳಿಯಿಂದ ಕಲ್ಲನ್ನು ಕಡೆದು ಅಕ್ಷರವನ್ನು ಮೂಡಿಸಿದ್ದಾರೆ. ಬೆರಳಿಟ್ಟರೆ ಅಕ್ಷರದ ಆಳ ತಿಳಿಯುತ್ತದೆ. ಮಂಗಳೂರಿನ ಕಲ್ಲಿನ ಕ್ರಮವೇ ಬೇರೆ. ಬವೇರಿಯ ಸೀಮೆಯ ಸೆನೆಫೆಲ್ಡರ್ ಎಂಬಾತನು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಕಂಡುಹಿಡಿದ ಉಪಾಯವದು. ನುಣುಪಾದ ಸುಣ್ಣಕಲ್ಲಿನ ಹಲಗೆಯ ಮೇಲೆ ಜಿಡ್ಡುಳ್ಳ ಮಸಿಯಿಂದ ಬರೆಯುತ್ತಾರೆ. ಆಮೇಲೆ ಕಲ್ಲನ್ನು ನೀರಿನಿಂದ ಒದ್ದೆಮಾಡುತ್ತಾರೆ. ಜಿಡ್ಡಿರುವ ಕಡೆ ನೀರು ನಿಲ್ಲುವುದಿಲ್ಲ. ಜಿಡ್ಡಿಲ್ಲದ ಕಡೆ ನಿಲ್ಲುತ್ತದೆ. ಆ ಮೇಲೆ ಮಸಿಯ ಉರುಳೆಯನ್ನು ಹೊರಳಿಸಿದರೆ, ಮಸಿಯೂ ಜಿಡ್ಡೇ ಆದುದರಿಂದ, ಅಕ್ಷರಗಳಿಗೆ ಮಾತ್ರ ಅಂಟುತ್ತದೆ. ಕಾಗದವನ್ನಿಟ್ಟು ಒತ್ತಿದರೆ ಬರೆದುದು ಬರೆದಂತೆಯೇ ಇಳಿಯುತ್ತದೆ. ಕಲ್ಲಿನ ಮೇಲೆ ಅಕ್ಷರ ತಿರುಗಿ ಇರಬೇಕಾದುದರಿಂದ, ನೇರವಾಗಿ ಬರೆದ ಕಾಗದವನ್ನು ಕಲ್ಲಿಗೆ ಒತ್ತಿ ಇಳಿಸುವ ಕ್ರಮವೂ ಉಂಟು. ಕೆಲಸ ಮುಗಿದ ಮೇಲೆ ಕಲ್ಲನ್ನು ಉಜ್ಜಿ ಇನ್ನೊಂದು ಪುಟಕ್ಕೆ ಬಳಸಬಹುದು. ಶಾಸನದ ಕಲ್ಲು ತನ್ನ ಅಕ್ಷರವನ್ನು ಎಂಟುನೂರು ವರ್ಷ ಹೊತ್ತುಕೊಂಡು ನಿಂತರೆ, ಈ ಕಲ್ಲು ಕೆಲವು ದಿನಗಳಲ್ಲಿಯೇ ಮರೆತುಬಿಡುತ್ತದೆ.

ಈ ಕ್ರಮದಲ್ಲಿ ಒತ್ತಕ್ಷರದ ಕಾಟವೇ ಇಲ್ಲ. ಕೈಯಿಂದ ಬರೆಯಬಲ್ಲವನು ಯಾವ ಅಕ್ಷರವನ್ನಾದರೂ ಬರೆದಾನು. ಕಲ್ಲಿಗೆ ಅದು ಗೀಟಾದರೂ ಒಂದೇ, ಒತ್ತಾದರೂ ಒಂದೇ. ಇನ್ನೊಂದು ಲಾಭವೂ ಇತ್ತು. ಆಗಿನ ಓದುಬಲ್ಲ ಕನ್ನಡಿಗನು ಕಂಡಿದ್ದುದು ಕೈಬರಹವನ್ನು: ಓಲೆಗರಿ, ಕಡತ, ಲೆಕ್ಕದ ಕಾಗದ, ಜಮೀನಿನ ಪತ್ರ. ಸೀಸದ ಮೊಳೆಯ ಅಕ್ಷರ ಅವನ ಕಣ್ಣಿಗೆ ಪರಕೀಯವಾಗಿ ಕಂಡರೆ ಆಶ್ಚರ್ಯವಿಲ್ಲ. ಕಲ್ಲಚ್ಚಿನ ಪುಟವಾದರೋ ಶ್ಯಾನುಭೋಗನ ಕೈಯ ಕಾಗದದಂತೆಯೇ ಕಾಣುತ್ತಿತ್ತು. ಇದನ್ನು ಮೋಗ್ಲಿಂಗರು ಬೇಕೆಂದೇ ಆರಿಸಿಕೊಂಡರೋ, ಕೈಗೆ ಸಿಕ್ಕಿದ ಸಾಧನವನ್ನು ಬಳಸಿದರೋ ಎಂದು ವಾದಿಸುವುದು ಬೇಡ. ಫಲವಂತೂ ಒಂದೇ ಆಯಿತು: ಹೊಸ ವಸ್ತುವೊಂದು ಹಳೆಯ ಮುಖವನ್ನು ಹೊತ್ತುಕೊಂಡು ಓದುಗನ ಮನೆಯನ್ನು ಹೊಕ್ಕಿತು.

೧೮೪೩ರ ಜುಲೈ ೧ರಂದು ಮಂಗಳೂರ ಸಮಾಚಾರ ಹೊರಬಿದ್ದಿತು. ಹೆಸರಿನಲ್ಲಿರುವುದು ಮಂಗಳೂರು ಅಲ್ಲ, ಮಂಗಳೂರ. ಆಡುವ ಮಾತಿನಂತೆ ಬರೆದುದು. ಹದಿನೈದು ದಿನಗಳಿಗೊಮ್ಮೆ ನಾಲ್ಕು ಪುಟ. ಕ್ರಯ ಒಂದು ದುಡ್ಡು. ಮೊದಲ ಸಂಚಿಕೆಯ ಮೊದಲ ಪುಟದ ಪ್ರತಿಬಿಂಬವು ಈಗ ಅನೇಕ ಪುಸ್ತಕಗಳಲ್ಲಿ ದೊರೆಯುತ್ತದೆ. ಗ್ರಂಥಾಲಯದಲ್ಲಿ ಸಿಕ್ಕಿದ ಒಂದನ್ನು ನಾನು ಬಹಳ ಹೊತ್ತು ನೋಡಿದೆ. ಚಿತ್ರವಿಲ್ಲ, ಬಣ್ಣವಿಲ್ಲ. ಮೇಲೆ ದೊಡ್ಡ ಅಕ್ಷರದಲ್ಲಿ ಹೆಸರು, ಅದರ ಕೆಳಗೆ ಕೈಬರಹದ ಸಾಲುಗಳು. ನೋಡುವುದಕ್ಕೆ ಅಲಂಕಾರವೇನೂ ಇಲ್ಲದಿದ್ದರೂ ಏನನ್ನು ಎಲ್ಲಿ ಹುಡುಕಬೇಕೆಂಬುದು ಓದುಗನಿಗೆ ತಿಳಿಯುತ್ತದೆ. ಪತ್ರಿಕೆಯಲ್ಲಿ ಊರಿನ ವರ್ತಮಾನ, ಸರಕಾರದ ನಿರೂಪಗಳು, ಪರರಾಜ್ಯಗಳ ಸುದ್ದಿ, ಕಥೆ, ನೀತಿಯ ಮಾತು ಎಂದು ಬೇರೆ ಬೇರೆ ಭಾಗಗಳಿದ್ದವು. ದಾಸರ ಪದಗಳಿಗೂ ಜಾಗವಿತ್ತು. ಸುದ್ದಿಯನ್ನು ಹೀಗೆ ವಿಂಗಡಿಸಿ ಪುಟದಲ್ಲಿ ಹಂಚುವುದು ಇಂದು ನಮಗೆ ಸಾಮಾನ್ಯವಾಗಿ ತೋರುತ್ತದೆ. ಕನ್ನಡದಲ್ಲಿ ಅದಕ್ಕೆ ಹಿಂದೆ ಮಾದರಿಯಿರಲಿಲ್ಲವೆಂಬುದನ್ನು ಮರೆಯಬಾರದು.

ಮಂಗಳೂರಿನ ಜನ ಅದುವರೆಗೆ ದೂರದ ಸುದ್ದಿಯನ್ನು ಬಂದರಿನ ಬಾಯಿಮಾತಿನಿಂದ ಕೇಳಬೇಕಿತ್ತು. ಅದರಲ್ಲಿ ನಿಜವೆಷ್ಟು, ಸೇರಿಸಿದುದೆಷ್ಟು ಎಂದು ತಿಳಿಯುವ ಬಗೆಯಿರಲಿಲ್ಲ. ಒಂದು ದುಡ್ಡಿಗೆ ಸರಕಾರದ ನಿರೂಪವೇ ಮನೆಯ ಜಗಲಿಗೆ ಬರುವುದೆಂದರೆ ಸಣ್ಣ ಮಾತಾಗಿರಲಿಲ್ಲ.

ಪತ್ರಿಕೆ ಮಂಗಳೂರಿನಲ್ಲಿ ನಡೆದುದು ಒಂದು ವರ್ಷಕ್ಕಿಂತಲೂ ಕಡಮೆ ಕಾಲ. ೧೮೪೪ರಲ್ಲಿ ಅದು ಕನ್ನಡ ಸಮಾಚಾರ ಎಂಬ ಹೆಸರನ್ನು ತಾಳಿ ಬಳ್ಳಾರಿಗೆ ಹೋಯಿತು. ಅಲ್ಲಿ ಸೀಸದ ಮೊಳೆಯಲ್ಲಿ ಅಚ್ಚಾಗತೊಡಗಿತು. ಒಂದು ಊರಿನ ಪತ್ರಿಕೆ ನಾಡಿನ ಪತ್ರಿಕೆಯಾಗಬೇಕೆಂಬ ಆಸೆ ಆ ಹೊಸ ಹೆಸರಿನಲ್ಲಿಯೇ ಇದೆ. ಆದರೂ ಅದು ಹೆಚ್ಚು ಕಾಲ ಬಾಳಲಿಲ್ಲ. ಗುಂಡರ್ಟರು ತಲಶ್ಶೇರಿಯಲ್ಲಿ ೧೮೪೭ರಲ್ಲಿ ರಾಜ್ಯಸಮಾಚಾರಂ ಎಂಬ ಮೊದಲ ಮಲಯಾಳ ಪತ್ರಿಕೆಯನ್ನು ಕಲ್ಲಚ್ಚಿನಲ್ಲಿಯೇ ಹೊರಡಿಸಿದರು. ಹೆಸರನ್ನು ನೋಡಿದರೆ ಗೆಳೆಯನ ಪತ್ರಿಕೆ ಅವರ ಕಣ್ಣ ಮುಂದೆ ಇದ್ದಿತೆಂದು ಊಹಿಸಬಹುದು.

ಅದೇ ೧೮೪೪ರ ಆರಂಭದಲ್ಲಿ ಮಂಗಳೂರಿನಲ್ಲಿ ದೊಡ್ಡ ಗದ್ದಲವೊಂದು ಎದ್ದಿತ್ತು. ಮೋಗ್ಲಿಂಗರ ಶಿಷ್ಯರಾದ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ತರುಣರು ಕ್ರೈಸ್ತರಾದರು. ಊರು ಕೆರಳಿತು, ಮನೆಯವರಿಂದ ಅವರು ಬೇರೆಯಾದರು. ೧೮೪೬ರಲ್ಲಿ ಮೋಗ್ಲಿಂಗರು ಯೂರೋಪಿಗೆ ಹೋದಾಗ ಕೌಂಡಿನ್ಯರನ್ನು ಜೊತೆಗೆ ಕರೆದುಕೊಂಡು ಹೋಗಿ ಬಾಸೆಲ್ಲಿನಲ್ಲಿ ಓದಲು ಬಿಟ್ಟು ಬಂದರು. ಗುರುಶಿಷ್ಯರ ಸ್ನೇಹ ಕೊನೆಯವರೆಗೆ ಉಳಿಯಿತು. ಆದರೂ ಒಂದು ಮನೆ ಒಡೆದುದರ ನೋವನ್ನು ಆ ಮನೆಯವರ ಕಡೆಯಿಂದಲೂ ನೋಡಬೇಕಲ್ಲವೆ?

ಊರಿಗೆ ಹಿಂದಿರುಗಿ ಬಂದ ಮೇಲೆ ಮೋಗ್ಲಿಂಗರು ಕೈಕೊಂಡ ಕೆಲಸವೇ ಅವರನ್ನು ನನಗೆ ದೊಡ್ಡವರನ್ನಾಗಿ ಮಾಡಿದುದು. ಕನ್ನಡದ ಹಳೆಯ ಕಾವ್ಯಗಳನ್ನು ಒಂದೊಂದಾಗಿ ಅಚ್ಚುಹಾಕಿಸಬೇಕೆಂದು ಅವರು ಸಂಕಲ್ಪ ಮಾಡಿದರು. ಮತಪ್ರಚಾರಕ್ಕೆಂದು ಕೂಡಿದ ಹಣವನ್ನು ಅನ್ಯಮತದ ಪುರಾಣಗಳಿಗೆ ವೆಚ್ಚಮಾಡಲು ಯಾವ ಮಿಷನ್ ತಾನೆ ಒಪ್ಪೀತು? ಆ ಕಷ್ಟವನ್ನು ಕಳೆದವರು ಕ್ಯಾಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶರು. ನೀಲಗಿರಿಯಲ್ಲಿ ನೆಲೆಸಿದ್ದ ಈ ಇಂಗ್ಲಿಷ್ ಸರಕಾರದ ಅಧಿಕಾರಿಗೆ ಕನ್ನಡ ಸಾಹಿತ್ಯದ ಮೇಲೆ ಒಲವಿತ್ತು. ಅವರ ಹಣದ ನೆರವಿನಿಂದ ಬಿಬ್ಲಿಯೋಥಿಕಾ ಕರ್ನಾಟಿಕಾ ಎಂಬ ಗ್ರಂಥಮಾಲೆ ಆರಂಭವಾಯಿತು. ೧೮೪೯ರಲ್ಲಿ ಆ ಪುಣ್ಯಾತ್ಮರು ತೀರಿಕೊಂಡರೂ ಮಾಲೆ ನಿಲ್ಲಲಿಲ್ಲ. ೧೮೪೮ರಲ್ಲಿ ಲಕ್ಷ್ಮೀಶನ ಜೈಮಿನಿ ಭಾರತ, ೧೮೫೦ರಲ್ಲಿ ದಾಸರ ಪದಗಳು ಮತ್ತು ಭೀಮಕವಿಯ ಬಸವಪುರಾಣ, ೧೮೫೧ರಲ್ಲಿ ವಿರೂಪಾಕ್ಷ ಪಂಡಿತನ ಚನ್ನಬಸವಪುರಾಣ. ಹೀಗೆ ೧೮೫೦ರ ಹಿಂದುಮುಂದಿನ ನಾಲ್ಕಾರು ವರ್ಷಗಳಲ್ಲಿ ದೊಡ್ಡ ಆಕಾರದ ಕಲ್ಲಚ್ಚಿನ ಸಂಪುಟಗಳು ಹೊರಬಂದವು.

ಪಟ್ಟಿಯನ್ನು ಇನ್ನೊಮ್ಮೆ ನೋಡಿರಿ. ಒಂದು ವೈಷ್ಣವ ಕಾವ್ಯ, ಹರಿದಾಸರ ಹಾಡುಗಳು, ಎರಡು ವೀರಶೈವ ಪುರಾಣಗಳು. ಯಾವ ನಂಬಿಕೆಯನ್ನು ಅಲುಗಾಡಿಸಲು ಅವರು ದೇವವಿಚಾರಣೆಯನ್ನು ಬರೆದರೋ ಅದೇ ನಂಬಿಕೆಯ ಗ್ರಂಥಗಳನ್ನು ಮಂಗಳೂರಿನ ಕಲ್ಲಿನ ಮೇಲೆಯೇ ಇಳಿಸಿದರು. ಶತ್ರುವಿನ ಬಲವನ್ನು ತಿಳಿಯಲೆಂದು ಹೀಗೆ ಮಾಡಿದರೆಂದು ಹೇಳುವವರಿದ್ದಾರೆ. ಇರಬಹುದು, ತಮ್ಮ ಹಿರಿಯರನ್ನು ಒಪ್ಪಿಸಲು ಅಂತಹ ಮಾತು ಬೇಕಾಗಿದ್ದಿರಲೂಬಹುದು. ಆದರೆ ಬಲವನ್ನು ತಿಳಿಯುವುದಕ್ಕೆ ಒಂದು ಪ್ರತಿ ಸಾಕು. ನೂರಾರು ಪುಟದ ಕಾವ್ಯವನ್ನು ಸಾಲುಸಾಲಾಗಿ ಬರೆಯಿಸಿ, ಕಲ್ಲಿಗಿಳಿಸಿ, ಪ್ರತಿಗಳನ್ನು ತೆಗೆದು ಹಂಚುವವನು ಶತ್ರುವಿನ ಕೆಲಸವನ್ನು ಮಾಡುತ್ತಿಲ್ಲ.

ಇಲ್ಲಿ ಓಲೆಯ ಪುಸ್ತಕಕ್ಕೂ ಅಚ್ಚಿನ ಪುಸ್ತಕಕ್ಕೂ ಇರುವ ಭೇದವನ್ನು ಸ್ವಲ್ಪ ಹೇಳಬೇಕು. ಓಲೆಗರಿಯ ಕಟ್ಟಿಗೆ ಮುಖಪುಟವೆಂಬುದಿಲ್ಲ. ಮೇಲೊಂದು ಕೆಳಗೊಂದು ಮರದ ಹಲಗೆ, ನಡುವೆ ಗರಿಗಳು, ತೂತಿನಲ್ಲಿ ಪೋಣಿಸಿದ ದಾರ. ಕಂಠದಿಂದ ಗೀಚಿ ಮಸಿ ಬಳಿದ ಅಕ್ಷರಗಳು ಈ ತುದಿಯಿಂದ ಆ ತುದಿಯವರೆಗೆ ಎಡೆಬಿಡದೆ ಸಾಗುತ್ತವೆ. ಪದಕ್ಕೂ ಪದಕ್ಕೂ ನಡುವೆ ಬಿಡುವಿಲ್ಲ. ಪದ್ಯದ ಪಾದ ಮುಗಿದರೂ ಸಾಲು ಮುಗಿಯುವುದಿಲ್ಲ. ಷಟ್ಪದಿಗೆ ಆರು ಪಾದವೆಂಬುದು ಕಿವಿಗೆ ಗೊತ್ತೇ ಹೊರತು ಕಣ್ಣಿಗೆ ಗೊತ್ತಿಲ್ಲ. ಪ್ರತಿಮಾಡಿದವನು ಯಾರು, ಯಾವ ಸಂವತ್ಸರದಲ್ಲಿ ಬರೆದನು, ತಪ್ಪಿದ್ದರೆ ತಿದ್ದಿಕೊಳ್ಳಬೇಕೆಂಬ ಬೇಡಿಕೆ, ಇವೆಲ್ಲ ಕಟ್ಟಿನ ಕೊನೆಯಲ್ಲಿರುತ್ತವೆ. ಅಚ್ಚಿನ ಪುಸ್ತಕವು ಇದನ್ನು ತಲೆಕೆಳಗು ಮಾಡಿತು. ಹೆಸರು, ಕವಿ, ಊರು, ಇಸವಿ ಎಲ್ಲವೂ ಮೊದಲಿಗೆ ಬಂದವು. ಬಾಗಿಲಲ್ಲೇ ಹೆಸರು ಹೇಳಿ ಒಳಗೆ ಬರುವ ನೆಂಟನಂತೆ. ಮುಖಪುಟವೆಂಬ ಮಾತೇ ಅಚ್ಚಿನೊಡನೆ ನಮಗೆ ಬಂದುದು. ಓಲೆಯ ಕಟ್ಟು ಒಂದು ಮಠದಲ್ಲೋ ಒಂದು ಮನೆಯಲ್ಲೋ ಇದ್ದು, ಅಲ್ಲಿಯ ಹಿರಿಯರು ಕೊಟ್ಟರೆ ಮಾತ್ರ ಓದುವುದಕ್ಕೆ ಸಿಕ್ಕುತ್ತಿತ್ತು. ಅಚ್ಚಿನ ಪುಸ್ತಕವು ಕೊಂಡವನಿಗೆಲ್ಲ ತನ್ನ ಮುಖವನ್ನು ತೋರಿಸಿತು.

ಈ ಮಾತು ನನ್ನ ಪಾಲಿಗೆ ಬರಿಯ ಪುಸ್ತಕದ ಮಾತಲ್ಲ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗನು. ನನ್ನಜ್ಜಿಗೆ ಓದು ಬಾರದು. ಆದರೆ ಬಸವಪುರಾಣದ ಕಥೆಗಳು ಅವಳಿಗೆ ಬರುತ್ತವೆ. ಶ್ರಾವಣದಲ್ಲಿ ನಮ್ಮೂರ ಗುಡಿಯಲ್ಲಿ ಪುರಾಣ ಹೇಳಿಸುವಾಗ ಕೇಳಿ ಕಲಿತವು ಅವು. ಪುರಾಣ ಹೇಳುವವರ ಮುಂದೆ ಬಟ್ಟೆಯಲ್ಲಿ ಸುತ್ತಿದ ಪುಸ್ತಕವೊಂದು ಇರುತ್ತಿತ್ತು; ಅದನ್ನು ಯಾರೂ ಮುಟ್ಟುತ್ತಿರಲಿಲ್ಲ. ಹೂವು ಏರಿಸಿ ಕೈಮುಗಿಯುತ್ತಿದ್ದೆವು. ಆ ಪುರಾಣ ೧೮೫೦ರಲ್ಲಿಯೇ ಅಚ್ಚಾಗಿತ್ತೆಂದೂ, ಅಚ್ಚುಹಾಕಿಸಿದವರು ಕಡಲಾಚೆಯ ಪಾದ್ರಿಯೆಂದೂ ಅಜ್ಜಿಗೆ ಹೇಳಿದೆ. ಅವಳು ನಂಬಲಿಲ್ಲ. ಪಾದ್ರಿಗೇಕೆ ಬೇಕಿತ್ತು ಬಸವಣ್ಣನ ಉಸಾಬರಿ ಎಂಬುದು ಅವಳ ಪ್ರಶ್ನೆ. ನಾನು ಇಷ್ಟು ಬರೆದೂ ಆ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಕೊಡಲಾರೆ.

ಅಚ್ಚುಕೂಟದ ಕಥೆಯಲ್ಲಿ ಇಲ್ಲಿಗೆ ಒಂದು ತಿರುವು ಬರುತ್ತದೆ. ಕಲ್ಲಚ್ಚಿಗೂ ತನ್ನ ದೋಷಗಳಿದ್ದವು. ಹೆಚ್ಚು ಪ್ರತಿಗಳನ್ನು ತೆಗೆದಂತೆಲ್ಲ ಅಕ್ಷರ ಮಾಸುತ್ತದೆ. ಬರೆಯುವವನ ಕೈ ದಣಿದರೆ ಪುಟವೂ ದಣಿದಂತೆ ಕಾಣುತ್ತದೆ. ತಿದ್ದುಪಡಿಗೆ ಎಡೆ ಕಡಮೆ. ಪ್ಲೆಬ್‌ಸ್ಟ್ ಎಂಬ ಮಿಷನ್ನಿನ ಕೆಲಸಗಾರರು ಕನ್ನಡಕ್ಕೆ ಹೊಸದಾಗಿ ಸೀಸದ ಮೊಳೆಗಳನ್ನು ಸಿದ್ಧಪಡಿಸಿಕೊಂಡು ೧೮೫೧ರ ಹೊತ್ತಿಗೆ ಮಂಗಳೂರಿಗೆ ತಂದರು. ಅಲ್ಲಿಂದ ಮುಂದೆ ಬಾಸೆಲ್ ಮಿಷನ್ ಅಚ್ಚುಕೂಟದ ಕನ್ನಡ ಪುಸ್ತಕಗಳು ಅಂದವಾದ ಅಕ್ಷರಕ್ಕೆ ಹೆಸರಾದವು. ಕೈಬರಹದ ಪುಟದ ಕಾಲ ಮೆಲ್ಲಗೆ ಹಿಂದೆ ಸರಿಯಿತು.

ಮೋಗ್ಲಿಂಗರು ಆ ವೇಳೆಗೆ ಮಂಗಳೂರನ್ನು ಬಿಟ್ಟು ಕೊಡಗಿನತ್ತ ತಿರುಗಿದ್ದರು. ೧೮೫೩ರಲ್ಲಿ ಅಲ್ಲಿಗೆ ಹೋದವರು ಆ ನಾಡಿನ ಚರಿತ್ರೆಯನ್ನೂ ಜನಜೀವನವನ್ನೂ ಕುರಿತು ಇಂಗ್ಲಿಷಿನಲ್ಲಿ ಬರೆದ ಗ್ರಂಥ ೧೮೫೫ರಲ್ಲಿ ಪ್ರಕಟವಾಯಿತು. ಕೊಡಗಿನ ಅರಸರ ವೃತ್ತಾಂತವಾದ ರಾಜೇಂದ್ರನಾಮೆಯನ್ನು ೧೮೫೭ರಲ್ಲಿ ಅಚ್ಚುಹಾಕಿಸಿದರು. ಆನಂದಪುರವೆಂಬಲ್ಲಿ, ಜಮ್ಮದ ಒಡೆಯರ ಕೆಳಗೆ ಜೀತದಾಳುಗಳಾಗಿದ್ದ ಹೊಲೆಯರಿಗಾಗಿ ಒಂದು ಊರನ್ನೇ ಕಟ್ಟಿದರು. ದಾಸರ ಪದದಲ್ಲಿ ಕಂಡ ಕನ್ನಡಿಗನಿಗಿಂತ ಬೇರೆಯಾದ ಕನ್ನಡಿಗನನ್ನು ಅವರು ಅಲ್ಲಿ ಕಂಡಿರಬೇಕು.

ಇದರ ನಡುವೆ ಅವರ ಬಂಧುವೂ ಜೊತೆಗಾರರೂ ಆದ ಗಾಟ್‌ಫ್ರೀಡ್ ವೈಗ್ಲೆಯವರು ೧೮೫೫ರಲ್ಲಿ ಮಂಗಳೂರಿನಲ್ಲಿ ತೀರಿಕೊಂಡರು. ಕನ್ನಡ ಭಾಷೆ ಸಾಹಿತ್ಯಗಳ ವಿಷಯವಾಗಿ ಜರ್ಮನ್ ವಿದ್ವಾಂಸರಿಗೆ ೧೮೪೮ರಲ್ಲಿಯೇ ಬರೆದು ತಿಳಿಸಿದವರು ಅವರು. ನಲವತ್ತು ವರ್ಷವೂ ತುಂಬಿರಲಿಲ್ಲ. ಮೋಗ್ಲಿಂಗರು ವೈಗ್ಲೆಯವರ ವಿಧವೆ ಪೌಲಿನೆಯವರನ್ನು ಮದುವೆಯಾಗಿ ಆ ಮಕ್ಕಳ ಭಾರವನ್ನೂ ಹೊತ್ತರು. ೧೮೫೮ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯವು ಅವರ ಕನ್ನಡದ ಕೆಲಸವನ್ನು ಮನ್ನಿಸಿ ಗೌರವ ಡಾಕ್ಟರ್ ಪದವಿಯನ್ನು ಕೊಟ್ಟಿತು. ಕನ್ನಡಕ್ಕಾಗಿ ಯೂರೋಪಿನ ಒಂದು ವಿಶ್ವವಿದ್ಯಾನಿಲಯ ಡಾಕ್ಟರ್ ಪದವಿ ಕೊಟ್ಟ ಆ ವರ್ಷದಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟುವುದಕ್ಕೆ ಇನ್ನೂ ಐವತ್ತೆಂಟು ವರ್ಷಗಳಿದ್ದವು.

೧೮೬೦ರಲ್ಲಿ ಅವರು ಹೆಂಡತಿ ಮಕ್ಕಳೊಡನೆ ಜರ್ಮನಿಗೆ ಹೊರಟರು. ಮತ್ತೆ ಈ ಕಡೆಗೆ ಬರಲಿಲ್ಲ. ಇಪ್ಪತ್ತನಾಲ್ಕು ವರ್ಷಗಳ ಕಾಲ ಈ ನೆಲದ ಮಾತನ್ನು ಆಡಿದ ಬಾಯಿಗೆ ಅಲ್ಲಿ ಅದನ್ನು ಆಡಲು ಜೊತೆಯಿರಲಿಲ್ಲ. ಆದರೂ ಅವರು ಕನ್ನಡವನ್ನು ಬಿಡಲಿಲ್ಲ. ಮಂಗಳೂರಿನಲ್ಲಿ ಅಚ್ಚುಹಾಕಿಸಿದ್ದ ದಾಸರ ಪದಗಳನ್ನು ಒಂದೊಂದಾಗಿ ಜರ್ಮನ್ ಭಾಷೆಗೆ ತಿರುಗಿಸಿ ಅಲ್ಲಿನ ಪ್ರಾಚ್ಯವಿದ್ಯಾಸಂಘದ ಪತ್ರಿಕೆಯಲ್ಲಿ ಪ್ರಕಟಿಸುತ್ತ ಬಂದರು. ಹಂಪೆಯ ಬೀದಿಯಲ್ಲಿ ತಂಬೂರಿ ಮೀಟಿಕೊಂಡು ಹಾಡಿದ ಪುರಂದರದಾಸರು ಹೀಗೆ ಜರ್ಮನ್ ಪಂಡಿತರ ಓದುಕೋಣೆಯನ್ನು ಹೊಕ್ಕರು. ಕನ್ನಡಕ್ಕೆ ದೊಡ್ಡದೊಂದು ನಿಘಂಟು ಆಗಬೇಕೆಂಬ ಪ್ರಯತ್ನಕ್ಕೆ ಅವರ ಬೆಂಬಲವಿತ್ತು. ಆ ಕೆಲಸ ಅವರಿಗಿಂತ ಕಿರಿಯರಾದ, ೧೮೫೩ರಲ್ಲಿ ಇಲ್ಲಿಗೆ ಬಂದ ಫರ್ಡಿನೆಂಡ್ ಕಿಟೆಲ್ಲರ ಪಾಲಿಗೆ ಬಂದಿತು.

೧೮೮೧ರ ಮೇ ೧೦ರಂದು ಎಸ್ಲಿಂಗೆನ್ ಎಂಬ ಊರಿನಲ್ಲಿ ಮೋಗ್ಲಿಂಗರು ತೀರಿಕೊಂಡರು. ಎಪ್ಪತ್ತನೆಯ ಹುಟ್ಟುಹಬ್ಬಕ್ಕೆ ಹತ್ತೊಂಬತ್ತು ದಿನಗಳು ಉಳಿದಿದ್ದವು. ಗೆಳೆಯರಾದ ಗುಂಡರ್ಟರು ಅವರ ಜೀವನಚರಿತ್ರೆಯನ್ನು ಜರ್ಮನ್ ಭಾಷೆಯಲ್ಲಿ ಬರೆದು ಮರುವರ್ಷ ಪ್ರಕಟಿಸಿದರು. ಕಿಟೆಲ್ಲರ ನಿಘಂಟು, ಒಂದು ಸಾವಿರದ ಏಳುನೂರಕ್ಕೂ ಹೆಚ್ಚು ಪುಟಗಳ ಹೆಬ್ಬೊತ್ತಗೆ, ೧೮೯೪ರಲ್ಲಿ ಮಂಗಳೂರಿನ ಅದೇ ಅಚ್ಚುಕೂಟದಿಂದ ಸೀಸದ ಮೊಳೆಯಲ್ಲಿ 
ಹೊರಬಂದಿತು. ನಮ್ಮ ಗ್ರಂಥಾಲಯದ ಕಪಾಟಿನಲ್ಲಿ ಅದರ ಮರುಮುದ್ರಣವಿದೆ; ಒತ್ತಕ್ಷರಗಳು ಎಷ್ಟು ಅಚ್ಚುಕಟ್ಟಾಗಿ ತಮ್ಮ ಜಾಗದಲ್ಲಿ ಕುಳಿತಿವೆ ಎಂಬುದನ್ನು ಆಸಕ್ತಿಯುಳ್ಳವರು ನೋಡಬಹುದು.

ಮುಖಪುಟದ ಕಥೆ ಹೇಳಿ ಮುಗಿಸುತ್ತೇನೆ. ಗ್ರಂಥಾಲಯದಿಂದ ಮಂಗಳೂರ ಸಮಾಚಾರದ ಪುಟದ ಪ್ರತಿಯನ್ನು ತಂದು ಗೆಳೆಯರಿಗೆ ತೋರಿಸಿದೆ. ನಮ್ಮ ನಾಲ್ವರಲ್ಲಿ ಒಬ್ಬನ ತಂದೆ ಪಿ.ಬಿ. ರಸ್ತೆಯ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದವರು; ಫ್ಲೆಕ್ಸು ಬಂದ ಮೇಲೆ ಅವರ ಕುಂಚಕ್ಕೆ ಕೆಲಸ ಕಡಮೆಯಾಗಿದೆ. ಅವರ ಬಳಿಗೆ ಹೋಗಿ ಸಂಚಿಕೆಯ ಹೆಸರನ್ನು ಬಿಳಿಯ ಹಾಳೆಯ ಮೇಲೆ ಬರೆದುಕೊಡಬೇಕೆಂದು ಕೇಳಿದೆವು. ಅವರು ನಮ್ಮನ್ನು ಕೂರಿಸಿ, ಚಹಾ ಕುಡಿಸಿ, ನಾಲ್ಕು ಬಾರಿ ಬರೆದು ಮೂರನ್ನು ಹರಿದುಹಾಕಿದರು. ನಾಲ್ಕನೆಯದನ್ನು ಕಾಲೇಜಿನಲ್ಲಿ ಸ್ಕ್ಯಾನ್ ಮಾಡಿಸಿ ಪುಟದ ಮೇಲುಭಾಗದಲ್ಲಿ ಇಟ್ಟಿದ್ದೇವೆ. ಯಾವ ಕಂಪ್ಯೂಟರಿನಲ್ಲಿ ತೆರೆದರೂ ಒತ್ತಕ್ಷರ ಅದರ ಜಾಗದಲ್ಲೇ ಇರುತ್ತದೆ. ಈ ಲೇಖನವನ್ನು ಓದುತ್ತಿರುವವರು ಸಂಚಿಕೆಯನ್ನು ಒಮ್ಮೆ ಮುಚ್ಚಿ ಅದನ್ನು ನೋಡಬಹುದು.